ಏರೋಪ್ಲೇನ್ ಮೋಡ್‌ನಲ್ಲಿ ಅಜ್ಜಿಯ ಬೀಸುವ ಪದ

ಈ ಸಂಚಿಕೆಯನ್ನ ನೀವು ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಾ ಇದ್ರೆ ಒಂದು ಸಣ್ಣ ಕೆಲಸ ಮಾಡಿ. ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿ. ನನ್ನ ದನಿ ಇನ್ನೂ ಕೇಳಿಸ್ತಿದೆಯಾ? ಹಾಗಾದ್ರೆ ನೀವು ಇದನ್ನ ಮೊದಲೇ ಡೌನ್‌ಲೋಡ್ ಮಾಡ್ಕೊಂಡಿದ್ದೀರಿ. ನಿಂತೇಹೋಯ್ತಾ? ಪರವಾಗಿಲ್ಲ, ಡೇಟಾ ಆನ್ ಮಾಡ್ಕೊಂಡು ಬನ್ನಿ, ಕಾಯ್ತೀನಿ.

ಇವತ್ತಿನ ಮಾತು ಆ ವಿಮಾನದ ಚಿಹ್ನೆಯ ಬಗ್ಗೆನೇ. ಮೇಲೆ ಹಾರ್ತಿರುವಾಗ, ಟವರ್ ಸಿಗದ ಜಾಗದಲ್ಲಿ, ನಮ್ಮ ಜೊತೆ ಯಾವ ಹಾಡು ಬರುತ್ತೆ, ಯಾವುದು ಬರಲ್ಲ ಅನ್ನೋದಕ್ಕೂ ಒಂದು ಇತಿಹಾಸ ಇದೆ. ಆ ಇತಿಹಾಸದ ಒಂದು ತುದಿ ಟೋಕಿಯೋದಲ್ಲಿದ್ರೆ ಇನ್ನೊಂದು ತುದಿ ನಮ್ಮ ರಾಮನಗರದಲ್ಲಿದೆ ಅಂದ್ರೆ ನಂಬ್ತೀರಾ? ನಾನೂ ನಂಬ್ತಿರ್ಲಿಲ್ಲ.

ಕಳೆದ ವರ್ಷ ಚಿಕ್ಕಪ್ಪನ ಮಗಳ ಮನೆಗೆ ಅಂತ ಬೆಂಗಳೂರಿನಿಂದ ದುಬೈಗೆ ಹೊರಟಿದ್ದೆ. ಸುಮಾರು ನಾಲ್ಕು ಗಂಟೆ ಪ್ರಯಾಣ. ಕಡಿಮೆ ದರದ ಟಿಕೆಟ್, ಸೀಟಿನ ಹಿಂದೆ ಸ್ಕ್ರೀನ್ ಇಲ್ಲ. ಅದಕ್ಕೇ ತಿಂಗಳ ಹಿಂದೆನೇ ಒಂದು ಆ್ಯಪ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಹಾಡು ಡೌನ್‌ಲೋಡ್ ಮಾಡಿಟ್ಕೊಂಡಿದ್ದೆ. ರಾಜ್‌ಕುಮಾರ್, ಪಿ.ಬಿ. ಶ್ರೀನಿವಾಸ್, ಒಂದಿಷ್ಟು ಅಶ್ವತ್ಥ್, ಒಂದಿಷ್ಟು ಹೇಳ್ಕೊಳ್ಳೋಕೆ ನಾಚಿಕೆಯಾಗೋ ಹಾಡುಗಳು. ವಿಮಾನ ಮೇಲೇರಿತು, ಸೀಟ್ ಬೆಲ್ಟ್ ದೀಪ ಆರಿತು, ಆ್ಯಪ್ ತೆರೆದೆ. ಇಡೀ ಪಟ್ಟಿ ಬೂದು ಬಣ್ಣ. ‘ಇಂಟರ್‌ನೆಟ್‌ಗೆ ಸಂಪರ್ಕಿಸಿ’ ಅಂತ ಒಂದು ಸಾಲು. ಆ್ಯಪ್ ಹೆಸರು ಬೇಡ ಬಿಡಿ. ತಪ್ಪು ನನ್ನದೂ ಇತ್ತು, ಅದಕ್ಕೆ ಆಮೇಲೆ ಬರ್ತೀನಿ.

ಆಗ ಫೋನಿನ ಫೈಲ್‌ಗಳನ್ನ ಹುಡುಕ್ತಾ ಹೋದಾಗ ಸಿಕ್ಕಿದ್ದು ಒಂದೇ ಒಂದು ಧ್ವನಿ. ‘ಟ್ರ್ಯಾಕ್ 01’. ಆರು ನಿಮಿಷ ನಲವತ್ತು ಸೆಕೆಂಡ್. ಎಷ್ಟೋ ಫೋನ್ ಬದಲಾದ್ರೂ ನನ್ನ ಹಿಂದೆನೇ ಬಂದಿರೋ ಫೈಲ್ ಅದು. ನಮ್ಮ ಅಜ್ಜಿ, ಅಂದ್ರೆ ಅಮ್ಮನ ಅಮ್ಮ, ಕನಕಪುರದ ಕಡೆ ಹಳ್ಳಿಯಲ್ಲಿ ಹಾಡಿದ ಬೀಸುವ ಪದ. ಅಜ್ಜಿ ಈಗಿಲ್ಲ.

ಆ ಫೈಲ್ ಮೂವತ್ತೈದು ಸಾವಿರ ಅಡಿ ಎತ್ತರದ ತನಕ ಹೇಗೆ ಬಂತು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಹಾಡನ್ನ ಹಾಡುವವರಿಂದ ಬೇರೆ ಮಾಡಿ ಎತ್ಕೊಂಡು ಹೋಗೋದು ನಮ್ಮ ದೇಶದಲ್ಲಿ ದೊಡ್ಡ ಮಟ್ಟದಲ್ಲಿ ಶುರುವಾಗಿದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅನ್ನೋರು ಬಂದು ಧ್ವನಿಮುದ್ರಣ ಮಾಡಿದ್ರು. ಆಗ ಹಾಡಿದವರಲ್ಲಿ ದೊಡ್ಡ ಹೆಸರು ಗೌಹರ್ ಜಾನ್. ಹಾಡು ಮುಗಿದ ತಕ್ಷಣ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ತಾವೇ ಕೂಗಿ ಹೇಳೋರು. ರೆಕಾರ್ಡ್ ಜೊತೆ ಹಾಡಿದವರ ಗುರುತೂ ಹೋಗ್ಲಿ ಅಂತ. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಲ್ಲೇ ತೀರಿಕೊಂಡ್ರು. ನಮ್ಮವರಿಗೆ ಇದು ಅಷ್ಟಾಗಿ ಗೊತ್ತಿಲ್ಲ.

ಆ ಕಾಲದ ರೆಕಾರ್ಡಿನ ಒಂದು ಬದಿಗೆ ಹಿಡಿಸ್ತಿದ್ದದ್ದು ಸುಮಾರು ಮೂರು ನಿಮಿಷ. ರಾತ್ರಿಯಿಡೀ ಹಾಡೋ ಮಂಟೇಸ್ವಾಮಿ ಕಾವ್ಯವನ್ನ, ಮಲೆ ಮಹದೇಶ್ವರನ ಕಥೆಯನ್ನ ಮೂರು ನಿಮಿಷಕ್ಕೆ ಇಳಿಸೋದು ಹೇಗೆ? ಹಳ್ಳಿಯ ಹಾಡುಗಳು ಹಾಗಾಗಿ ಬಹುಪಾಲು ಕಾಗದದ ಮೇಲೆ ಉಳಿದುಕೊಂಡವು. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಪುಸ್ತಕ ತಂದ್ರು. ಮಾತು ಉಳೀತು. ಧಾಟಿ? ಅದನ್ನ ಅಚ್ಚು ಹಾಕೋಕೆ ಬರ್ತಿರ್ಲಿಲ್ಲ.

ವಿಮಾನದ ಕಡೆ ಬರೋಣ. 1960ರ ದಶಕದಲ್ಲಿ ಜೆಟ್ ವಿಮಾನಗಳಲ್ಲಿ ಪ್ರಯಾಣಿಕರಿಗೆ ಹಾಡು ಕೇಳಿಸೋ ಏರ್ಪಾಟು ಬಂತು. 1963ರಿಂದ ಕೊಡ್ತಿದ್ದ ಹೆಡ್‌ಫೋನ್ ಇತ್ತಲ್ಲ, ಅದರಲ್ಲಿ ವೈರೇ ಇರ್ಲಿಲ್ಲ! ಡಾಕ್ಟರ ಸ್ಟೆತಸ್ಕೋಪ್ ಥರ ಬರೀ ಟೊಳ್ಳು ಕೊಳವೆ. ಸ್ಪೀಕರ್ ಸೀಟಿನ ಕೈಯೊಳಗೆ, ಅದರ ಸದ್ದು ಕೊಳವೆಯಲ್ಲಿ ಹರಿದು ಕಿವಿಗೆ ಬರ್ತಿತ್ತು. ಮನೆಗೆ ಕದ್ದು ತಗೊಂಡ್ಹೋದ್ರೂ ಏನೂ ಪ್ರಯೋಜನ ಇರ್ಲಿಲ್ಲ. ಮತ್ತೆ ಯಾವ ಹಾಡು ಅನ್ನೋದನ್ನ ಕಂಪನಿಯೇ ತೀರ್ಮಾನ ಮಾಡ್ತಿತ್ತು. ನಿಮ್ಮ ಹಾಡು ನೀವು ತರೋಕಾಗ್ತಿರ್ಲಿಲ್ಲ.

ಅದೇ 1963ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್‌ನಲ್ಲಿ ಕಾಂಪ್ಯಾಕ್ಟ್ ಕ್ಯಾಸೆಟ್ ತೋರಿಸ್ತು. ಅದರ ಹಿಂದಿನ ತಲೆ ಲೂ ಆಟೆನ್ಸ್ ಅನ್ನೋ ಡಚ್ ಎಂಜಿನಿಯರ್. ಯಂತ್ರ ಎಷ್ಟು ದೊಡ್ಡದಿರಬೇಕು ಅಂತ ನಿರ್ಧರಿಸೋಕೆ ಅವರು ಒಂದು ಮರದ ತುಂಡು ಕತ್ತರಿಸಿ ಕೋಟಿನ ಜೇಬಿಗೆ ಹಿಡಿಸುತ್ತಾ ಅಂತ ನೋಡ್ತಿದ್ರಂತೆ. ಮುಂದೊಂದು ದಿನ ಕಾರಿನ ಟೈರ್ ಪಂಕ್ಚರ್ ಆದಾಗ ಜಾಕ್ ಕೆಳಗೆ ಅದೇ ತುಂಡನ್ನ ಇಟ್ಟು, ಅಲ್ಲೇ ಕಳ್ಕೊಂಡ್ರು. ಚನ್ನಪಟ್ಟಣದವರ ಕೈಗೆ ಸಿಕ್ಕಿದ್ದಿದ್ರೆ ಅರಗಿನ ಬಣ್ಣ ಹಾಕಿ ಗೊಂಬೆ ಮಾಡಿ ಉಳಿಸ್ತಿದ್ರೇನೋ.

ಈಗ ನಿಜವಾದ ವಿಷಯ. 1977, 78, 79. ಈ ಮೂರು ವರ್ಷ ನೆನಪಿಟ್ಕೊಳ್ಳಿ.

1977ರ ಸೆಪ್ಟೆಂಬರ್ 5. ಅಮೆರಿಕದಿಂದ ವಾಯೇಜರ್-1 ನೌಕೆ ಹಾರಿತು. ಅದರೊಳಗೆ ಚಿನ್ನದ ಲೇಪ ಇರೋ ತಾಮ್ರದ ರೆಕಾರ್ಡ್. ಭಾರತದಿಂದ ಅದರಲ್ಲಿ ಇರೋ ಹಾಡು ಕೇಸರಬಾಯಿ ಕೇರ್ಕರ್ ಅವರದ್ದು, ಭೈರವಿ, ಮೂರೂವರೆ ನಿಮಿಷ. ಐವತ್ತೈದು ಭಾಷೆಯ ಶುಭಾಶಯಗಳೂ ಇವೆ, ಅದರಲ್ಲಿ ಕನ್ನಡವೂ ಒಂದು. ಈಗ ಅದು ನಮ್ಮಿಂದ 2,400 ಕೋಟಿ ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲಿದೆ. ರೆಕಾರ್ಡ್ ನುಡಿಸೋ ಮುಳ್ಳನ್ನೂ ಜೊತೆಗೆ ಕಳಿಸಿದ್ದಾರೆ, ಹೇಗೆ ನುಡಿಸಬೇಕು ಅನ್ನೋ ಚಿತ್ರವನ್ನ ಮೇಲೆ ಕೊರೆದಿದ್ದಾರೆ. ಕೇಳೋಕೆ ಯಾರ ಸರ್ವರೂ ಬೇಡ, ಯಾರ ಪಾಸ್‌ವರ್ಡೂ ಬೇಡ.

1978. ಅಮರ್ ಬೋಸ್ ಅನ್ನೋ ಪ್ರೊಫೆಸರ್ ಜೂರಿಕ್‌ನಿಂದ ಬೋಸ್ಟನ್‌ಗೆ ವಿಮಾನದಲ್ಲಿ ಹೋಗ್ತಿದ್ರು. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರ ಮಗ. ಆಗಷ್ಟೇ ಬರ್ತಿದ್ದ ಎಲೆಕ್ಟ್ರಾನಿಕ್ ಹೆಡ್‌ಫೋನ್ ಕೊಟ್ರು, ಹಾಕ್ಕೊಂಡ್ರು. ಎಂಜಿನ್ ಗದ್ದಲದಲ್ಲಿ ಹಾಡೇ ಕೇಳಿಸ್ಲಿಲ್ಲ. ಪೇಪರ್ ತಗೊಂಡು ವಿಮಾನದಲ್ಲೇ ಲೆಕ್ಕ ಶುರು ಮಾಡಿದ್ರು. ಬರೋ ಗದ್ದಲವನ್ನ ಒಂದು ಮೈಕ್ ಹಿಡ್ಕೊಂಡು, ಅದರ ತಲೆಕೆಳಗಾದ ಅಲೆಯನ್ನ ಕಿವಿಗೆ ಕೊಟ್ರೆ ಎರಡೂ ಒಂದನ್ನೊಂದು ತಿಂದುಹಾಕ್ತವೆ ಅನ್ನೋದು ಅದರ ತಿರುಳು. ಪೈಲಟ್‌ಗಳಿಗೆ ಅಂತ ಅದು ಮಾರುಕಟ್ಟೆಗೆ ಬಂದಿದ್ದು 1989ರಲ್ಲಿ, ನಮ್ಮಂಥವರಿಗೆ 2000ದಲ್ಲಿ. ನಿಮ್ಮ ಕಿವಿಯಲ್ಲಿರೋ ನಾಯ್ಸ್ ಕ್ಯಾನ್ಸಲಿಂಗ್ ಬಡ್ಸ್‌ನ ವಂಶವೃಕ್ಷದಲ್ಲಿ ಆ ಒಂದು ವಿಮಾನ ಪ್ರಯಾಣ ಇದೆ.

ಅದೇ 1978ರಲ್ಲಿ ನಮ್ಮಲ್ಲಿ ‘ನಿತ್ಯೋತ್ಸವ’ ಬಂತು. ಕೆ.ಎಸ್. ನಿಸಾರ್ ಅಹಮದ್ ಕವಿತೆಗಳು, ಮೈಸೂರು ಅನಂತಸ್ವಾಮಿ ಸಂಗೀತ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಅದನ್ನ ಹೇಳ್ತಾರೆ. ಕ್ಯಾಸೆಟ್‌ಗೆ ಕನ್ನಡದಲ್ಲಿ ‘ಧ್ವನಿಸುರುಳಿ’ ಅನ್ನೋ ಪದ ಇತ್ತು. ಎಷ್ಟು ಚಂದ ಅಲ್ವಾ? ಡೌನ್‌ಲೋಡ್‌ಗೆ ಅಂಥ ಪದ ನಾವು ಇನ್ನೂ ಹುಟ್ಟಿಸ್ಕೊಂಡಿಲ್ಲ. ಇನ್ನೊಂದು ಮಾತು: ನಿಸಾರ್ ಅಹಮದ್ ಹುಟ್ಟಿದ್ದು 1936ರಲ್ಲಿ, ದೇವನಹಳ್ಳಿಯಲ್ಲಿ. ಈಗ ಬೆಂಗಳೂರಿಂದ ವಿಮಾನ ಹತ್ತೋಕೆ ಎಲ್ಲರೂ ಹೋಗೋದು ಅದೇ ದೇವನಹಳ್ಳಿಗೆ. 2008ರ ಮೇ ತಿಂಗಳಲ್ಲಿ ಶುರುವಾದ ಆ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು, ಹೊರಗೆ 108 ಅಡಿ ಪ್ರತಿಮೆ. ಆ ವಂಶ ಮುಂದೆ ರಾಜಧಾನಿ ಮಾಡ್ಕೊಂಡಿದ್ದು ನಮ್ಮ ಮಾಗಡಿಯನ್ನ. ಮಾಗಡಿಯವರು ಏರ್‌ಪೋರ್ಟ್‌ಗೆ ಹೋದಾಗ ‘ನಮ್ಮವರ ಮನೆಗೆ ಬಂದಂಗಾಯ್ತು’ ಅಂತ ತಮಾಷೆ ಮಾಡೋದನ್ನ ಕೇಳಿದ್ದೀನಿ. ಟ್ರಾಫಿಕ್ಕಲ್ಲಿ ಬೆಂಗಳೂರು ದಾಟಿ ಅಲ್ಲಿಗೆ ತಲುಪೋ ಹೊತ್ತಿಗೆ ತಮಾಷೆ ಮುಗಿದಿರುತ್ತೆ, ಅದು ಬೇರೆ.

1979. ಈ ವರ್ಷ ಎರಡು ಸಂಗತಿ ನಡೀತು. ಒಂದು ಇಡೀ ಜಗತ್ತಿಗೆ ಗೊತ್ತು, ಇನ್ನೊಂದು ಕನ್ನಡಿಗರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮೊದಲನೇದು ವಾಕ್‌ಮನ್. ಸೋನಿ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಮಸಾರು ಇಬುಕಾ ಆಗಾಗ ಅಮೆರಿಕಕ್ಕೆ ಹಾರ್ತಿದ್ರು. ಅಷ್ಟು ಹೊತ್ತು ಕೂತಿರೋಕೆ ಹಾಡು ಬೇಕು. ಕಂಪನಿಯದ್ದೇ ಒಂದು ಸ್ಟೀರಿಯೋ ರೆಕಾರ್ಡರ್ ಇತ್ತು, ಆದ್ರೆ ಭಾರ. ‘ಇದನ್ನ ಹಗುರ ಮಾಡಿಕೊಡಿ, ಬರೀ ಕೇಳೋಕೆ ಬಂದ್ರೆ ಸಾಕು’ ಅನ್ನೋದು ಅವರ ಬೇಡಿಕೆ. ಎಂಜಿನಿಯರ್‌ಗಳು ಪತ್ರಕರ್ತರು ಬಳಸ್ತಿದ್ದ ಪ್ರೆಸ್‌ಮನ್ ಅನ್ನೋ ಚಿಕ್ಕ ರೆಕಾರ್ಡರ್ ತಗೊಂಡು, ಅದರಲ್ಲಿದ್ದ ಧ್ವನಿಮುದ್ರಣದ ಭಾಗವನ್ನೇ ತೆಗೆದುಹಾಕಿ, ಸ್ಟೀರಿಯೋ ಸೇರಿಸಿಕೊಟ್ರು. ಇಬುಕಾಗೆ ಹಿಡಿಸ್ತು. ಜೊತೆಗಾರ ಅಕಿಯೋ ಮೊರಿಟಾಗೆ ತೋರಿಸಿದ್ರು. 1979ರ ಜುಲೈ 1ಕ್ಕೆ ಅಂಗಡಿಗೆ ಬಂತು, ಬೆಲೆ 33,000 ಯೆನ್. ರೆಕಾರ್ಡ್ ಮಾಡೋಕಾಗದ ಟೇಪ್ ರೆಕಾರ್ಡರನ್ನ ಯಾರು ತಗೋತಾರೆ ಅಂತ ಕಂಪನಿ ಒಳಗೇ ಗೊಣಗಾಟ ಇತ್ತು. ಮೊದಲ ತಿಂಗಳು ಹೆಚ್ಚು ಹೋಗ್ಲಿಲ್ಲ. ಆಗಸ್ಟ್ ಮುಗಿಯೋ ಹೊತ್ತಿಗೆ ಮಾಡಿದ್ದ 30,000ವೂ ಖಾಲಿ.

ಗಮನಿಸಿದ್ರಾ? ವಿಮಾನದಲ್ಲಿ ತನ್ನ ಹಾಡು ತಾನು ಕೇಳ್ಬೇಕು ಅನ್ನೋ ಒಬ್ಬ ಮುದುಕರ ಆಸೆಯಿಂದ ಹುಟ್ಟಿದ ಯಂತ್ರ. ಮತ್ತೆ ಅದಕ್ಕಾಗಿ ಬಿಟ್ಟುಕೊಟ್ಟಿದ್ದು ರೆಕಾರ್ಡ್ ಬಟನ್ನು.

ಎರಡನೇದು ಆ ಬಟನ್ನನ್ನ ಬಿಡದೇ ಒತ್ತಿದ ಒಬ್ಬರ ಕಥೆ. ಎಚ್.ಎಲ್. ನಾಗೇಗೌಡರು. 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದವರು. ಐಎಎಸ್ ಅಧಿಕಾರಿ ಆಗಿದ್ರು. ‘ದೊಡ್ಡಮನೆ’ ಕಾದಂಬರಿ ಬರೆದವರು, ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳನ್ನ ಕೊಟ್ಟವರು. ಇಷ್ಟೇ ಆಗಿದ್ರೆ ಒಳ್ಳೆ ಬರಹಗಾರ-ಅಧಿಕಾರಿ ಅಂತ ಹೇಳಿ ಮುಗಿಸಬಹುದಿತ್ತು. ಆದ್ರೆ ಅವರಿಗೆ ಇನ್ನೊಂದು ಹುಚ್ಚು. ಟೇಪ್ ರೆಕಾರ್ಡರ್ ತಗೊಂಡು ಹಳ್ಳಿ ಹಳ್ಳಿ ಸುತ್ತೋದು. ಹಾಡೋ ಅಜ್ಜಿಯರನ್ನ, ಕಂಸಾಳೆಯವರನ್ನ, ತಂಬೂರಿಯವರನ್ನ, ನೀಲಗಾರರನ್ನ ಹುಡುಕಿ ಕೂರಿಸ್ಕೊಂಡು ಮುದ್ರಿಸೋದು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದ್ರು. ಹೌದು, ವಾಕ್‌ಮನ್ ಬಂದ ಅದೇ ವರ್ಷ.

ಒಂದು ಕ್ಷಣ ಯೋಚನೆ ಮಾಡಿ. ಅಧಿಕಾರಿಯೊಬ್ಬರು ಹಳ್ಳಿಗೆ ಬಂದ್ರೆ ಜನ ಕಂದಾಯಕ್ಕೋ ಜಮೀನಿನ ತಕರಾರಿಗೋ ಅಂದ್ಕೊಳ್ಳೋ ಕಾಲ. ಅಂಥಾದ್ರಲ್ಲಿ ಇವರು ಬಂದು ‘ಅವ್ವಾ, ಒಂದು ಪದ ಹೇಳು’ ಅನ್ನೋದು. ನನ್ನ ಅಜ್ಜಿಯನ್ನ ಅವರು ಮುದ್ರಿಸ್ಲಿಲ್ಲ. ಆ ಭಾಗ್ಯ ನಮಗಿರ್ಲಿಲ್ಲ. ಆದ್ರೆ ಅಂಥ ನೂರಾರು ಅಜ್ಜಿಯರ ದನಿ ಅವರಿಂದ ಉಳೀತು.

ಆ ದನಿಗಳಿಗೆ ಒಂದು ಮನೆ ಬೇಕಿತ್ತು. ರಾಮನಗರದ ಪಕ್ಕ, ಬೆಂಗಳೂರು-ಮೈಸೂರು ಹಳೇ ಹೆದ್ದಾರಿಯಲ್ಲಿ, ಹದಿನೈದು ಎಕರೆ ಜಾಗದಲ್ಲಿ 1994ರಲ್ಲಿ ಜಾನಪದ ಲೋಕ ತೆರೆದ್ರು. ಲೋಕಮಹಲ್, ಚಿತ್ರಕುಟೀರ, ಆಯಗಾರರ ಮಾಳ, ಶಿಲ್ಪಮಾಳ... ನಮ್ಮ ಶಾಲೆಯಿಂದ ಪಿಕ್ನಿಕ್ ಅಂದ್ರೆ ಅಲ್ಲಿಗೇ. ನಾವೆಲ್ಲ ತೊಗಲುಗೊಂಬೆ, ರಾಕ್ಷಸನ ಮುಖವಾಡ ನೋಡಿ ಕಿರುಚಾಡ್ತಿದ್ವಿ. ಅಲ್ಲಿ ಧ್ವನಿಸುರುಳಿಗಳ ಸಂಗ್ರಹವೂ ಇದೆ, ಅದೇ ಆ ಜಾಗದ ಜೀವ ಅಂತ ಯಾವ ಮೇಷ್ಟ್ರೂ ಹೇಳ್ಲಿಲ್ಲ. ನನಗೆ ಗೊತ್ತಾಗಿದ್ದು ಕಾಲೇಜು ಮುಗಿದ ಮೇಲೆ. ನಾಗೇಗೌಡರು 2005ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ್ರು. ಈಗ ಎಕ್ಸ್‌ಪ್ರೆಸ್ ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೋಗುತ್ತೆ. ಮೈಸೂರಿಗೆ ಬೇಗ ಹೋಗ್ತೀರಿ, ಸರಿ. ಜಾನಪದ ಲೋಕ, ಗೊಂಬೆ ಅಂಗಡಿಗಳು ಮಾತ್ರ ಹಳೇ ರಸ್ತೆಯಲ್ಲೇ ಉಳಿದಿವೆ.

ಈಗ ನಮ್ಮ ಅಜ್ಜಿಯ ಕ್ಯಾಸೆಟ್ ವಿಷಯ.

ನಮ್ಮ ಮಾವ, ಅಂದ್ರೆ ಅಮ್ಮನ ತಮ್ಮ, ರೇಷ್ಮೆ ಬೆಳೆ ಒಂದು ಸಲ ಚೆನ್ನಾಗಿ ಬಂದಾಗ ರಾಮನಗರದ ಗೂಡಿನ ಮಾರ್ಕೆಟ್‌ನಲ್ಲಿ ಗೂಡು ಮಾರಿ, ಆ ದುಡ್ಡಲ್ಲಿ ಒಂದು ಟೂ-ಇನ್-ಒನ್ ತಂದಿದ್ರು. 1989 ಇರಬೇಕು ಅಂತಾರೆ ಅಮ್ಮ. ರೇಡಿಯೋ, ಕ್ಯಾಸೆಟ್ ಎರಡೂ ಇರೋದು. ಜೊತೆಗೆ ಎರಡೇ ಕ್ಯಾಸೆಟ್. ಒಂದು ಮಾದಪ್ಪನ ಹಾಡುಗಳದ್ದು. ಇನ್ನೊಂದು ‘ಶೋಲೆ’ ಸಿನಿಮಾದ ಸಂಭಾಷಣೆ.

ನಗಬೇಡಿ. ಶೋಲೆ ನಮ್ಮೂರಿನ ಸಿನಿಮಾ! 1973ರಿಂದ ರಾಮದೇವರ ಬೆಟ್ಟದ ಬುಡದಲ್ಲಿ ಅದರ ಶೂಟಿಂಗ್ ನಡೀತು. 1975ರ ಆಗಸ್ಟ್ 15ಕ್ಕೆ ಬಿಡುಗಡೆ. ಹಾಡುಗಳಿಗಿಂತ ಮಾತುಗಳನ್ನೇ ಜನ ಮತ್ತೆ ಮತ್ತೆ ಕೇಳೋಕೆ ಬಯಸ್ತಿದ್ದಾರೆ ಅಂತ ಗೊತ್ತಾಗಿ ಪಾಲಿಡೋರ್ ಕಂಪನಿ ಸಂಭಾಷಣೆಯನ್ನೇ ರೆಕಾರ್ಡ್ ಮಾಡಿ ಮಾರಿತು. ಪಾನ್ ಅಂಗಡಿಗಳಲ್ಲಿ, ಹೋಟೆಲ್‌ಗಳಲ್ಲಿ, ಗಣಪತಿ ಪೆಂಡಾಲ್‌ಗಳಲ್ಲಿ ಅದೇ. ಹಿಂದಿ ಬರದ ನಮ್ಮ ಮಾವನಿಗೂ ಗಬ್ಬರ್ ಮಾತು ಬಾಯಿಪಾಠ ಆಗಿತ್ತು. ನಮ್ಮ ಬಂಡೆಗಳಿಗೆ ತಾಗಿ ಹೋದ ಮಾತುಗಳು ಟೇಪಿನಲ್ಲಿ ಸುತ್ಕೊಂಡು ಮತ್ತೆ ಊರಿಗೇ ವಾಪಸ್ ಬಂದಿದ್ವು.

ಒಂದು ಮಧ್ಯಾಹ್ನ ಮಾವನಿಗೆ ಅಜ್ಜಿಯ ಪದ ಮುದ್ರಿಸ್ಬೇಕು ಅನ್ನಿಸಿದೆ. ಖಾಲಿ ಕ್ಯಾಸೆಟ್ ಇರ್ಲಿಲ್ಲ. ಕಂಪನಿ ಕ್ಯಾಸೆಟ್ ಮೇಲೆ ಯಾರೂ ರೆಕಾರ್ಡ್ ಮಾಡಬಾರದು ಅಂತ ಅದರ ಮೇಲ್ತುದಿಯಲ್ಲಿ ಎರಡು ಸಣ್ಣ ತೂತು ಬಿಟ್ಟಿರ್ತಾರೆ. ಆ ತೂತಿಗೆ ಸೆಲ್ಲೋ ಟೇಪ್ ಅಂಟಿಸಿದ್ರೆ ಯಂತ್ರ ಮೋಸಹೋಗುತ್ತೆ. ನಿಮ್ಮ ಅಪ್ಪ ಅಮ್ಮನ್ನ ಕೇಳಿ, ಈ ವಿದ್ಯೆ ಗೊತ್ತಿಲ್ಲದವರು ಆ ತಲೆಮಾರಲ್ಲಿ ಸಿಗೋದು ಕಷ್ಟ. ಮಾದಪ್ಪನ ಕ್ಯಾಸೆಟ್ ಮೇಲೆ ಅಳಿಸೋಕೆ ಧೈರ್ಯ ಇಲ್ಲ. ಗಬ್ಬರ್ ಮೇಲೆ ಅಳಿಸಿದ್ರೆ ಪಾಪ ಬರಲ್ಲ.

ಅಜ್ಜಿ ಮೊದಲು ಸುಮ್ನೆ ಕೂತು ಹಾಡೋಕೆ ಹೋಗಿದ್ದಾಳೆ. ಎರಡು ಸಾಲಾದ ಮೇಲೆ ಪದ ಬರ್ತಿಲ್ಲ. ‘ಕಲ್ಲು ತಿರುಗದೇ ಪದ ಹೆಂಗೆ ಬತ್ತದೆ?’ ಅಂದಳಂತೆ. ಆಮೇಲೆ ಮೂಲೆಯಲ್ಲಿದ್ದ ರಾಗಿ ಕಲ್ಲು ಎಳೆದು, ಒಂದು ಸೇರು ರಾಗಿ ಹಾಕ್ಕೊಂಡು ಕೂತ್ಲು. ಫ್ಲೋರ್ ಮಿಲ್ ಬಂದು ಎಷ್ಟೋ ವರ್ಷ ಆಗಿತ್ತು, ಆ ಕಲ್ಲನ್ನ ಆಗ ಯಾರೂ ಬಳಸ್ತಿರ್ಲಿಲ್ಲ. ಬೀಸುವ ಪದದ ತಾಳ ಇರೋದು ಆ ತಿರುಗೋದ್ರಲ್ಲಿ. ಕೈ ದಣಿದಾಗ ಸಾಲು ಉದ್ದ ಆಗುತ್ತೆ, ಮತ್ತೆ ಹಿಡಿ ಕಾಳು ಹಾಕುವಾಗ ಒಂದು ಉಸಿರು. ಫೈಲ್‌ನಲ್ಲಿ ಅದೆಲ್ಲ ಕೇಳಿಸುತ್ತೆ. ಗರಗರ ಅನ್ನೋ ಕಲ್ಲು, ಹೊರಗೊಂದು ಕೋಳಿ, ನಡುವೆ ಅಜ್ಜಿಯ ಕೆಮ್ಮು, ಮಾವ ಪಿಸುಗುಟ್ಟಿ ‘ನಿಲ್ಲಿಸಬ್ಯಾಡ’ ಅನ್ನೋದು.

ಆಮೇಲೆ ಸರಿಯಾಗಿ ಆರು ನಿಮಿಷ ನಲವತ್ತನೇ ಸೆಕೆಂಡಿಗೆ, ಪದದ ಮಧ್ಯದಲ್ಲೇ, ಕಟ್. ಗಬ್ಬರ್ ನಗು. ಮಾವ ಸ್ಟಾಪ್ ಒತ್ತಿದ್ರೋ, ಕರೆಂಟು ಹೋಯ್ತೋ ಯಾರಿಗೂ ನೆನಪಿಲ್ಲ. ಮುಂದಿನದ್ದು ಅಷ್ಟೂ ಶೋಲೆ.

2011ರಲ್ಲಿ ನಾನು ಆ ಕ್ಯಾಸೆಟ್ ತಗೊಂಡು ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹತ್ರ ಇದ್ದ ಒಂದು ಮೊಬೈಲ್ ಅಂಗಡಿಗೆ ಹೋದೆ. ಆ ಕಾಲದ ಮೊಬೈಲ್ ಅಂಗಡಿ ನೆನಪಿದೆಯಾ? ಮೆಮೊರಿ ಕಾರ್ಡ್ ಕೊಟ್ರೆ ಇಪ್ಪತ್ತು ಮೂವತ್ತು ರೂಪಾಯಿಗೆ ಕಾರ್ಡ್ ತುಂಬಾ ಹಾಡು. ‘ಅಣ್ಣಾ, ಹೊಸಾವು ಹಾಕು’ ಅಂದ್ರೆ ಸಾಕು. ಕಾನೂನು ಪ್ರಕಾರ ಅದು ತಪ್ಪೇ, ಹಾಡಿದವರಿಗೆ ಬರೆದವರಿಗೆ ಒಂದು ಪೈಸೆ ಹೋಗ್ತಿರ್ಲಿಲ್ಲ. ಆದ್ರೆ ಡೇಟಾ ದುಬಾರಿಯಾಗಿದ್ದ ದಿನಗಳಲ್ಲಿ ನಮ್ಮ ತಾಲ್ಲೂಕುಗಳ ಸ್ಪಾಟಿಫೈ ಅದೇ. ಆ ಅಂಗಡಿಯವರು ಹಳೇ ವಾಕ್‌ಮನ್‌ನಿಂದ ಕಂಪ್ಯೂಟರ್‌ಗೆ ಒಂದು ವೈರ್ ಚುಚ್ಚಿ, ಐವತ್ತು ರೂಪಾಯಿಗೆ ಎಂಪಿ3 ಮಾಡಿಕೊಟ್ರು. ‘ಆಮೇಲೆ ಬರೋ ಗಬ್ಬರ್ ಬೇಕಾ?’ ಅಂತ ಕೇಳಿದ್ರು. ಬೇಡ ಅಂದೆ. ಈಗ ಅನ್ನಿಸುತ್ತೆ, ಒಂದೆರಡು ಸೆಕೆಂಡ್ ಬಿಡಬೇಕಿತ್ತು.

ಕ್ಯಾಸೆಟ್ ಆಮೇಲೆ ಬೂಷ್ಟು ಹಿಡೀತು. ಟೇಪ್ ಒಂದಕ್ಕೊಂದು ಅಂಟ್ಕೊಂಡು, ಒಮ್ಮೆ ಹಾಕಿದಾಗ ಸಿಕ್ಕಿಹಾಕ್ಕೊಂಡು ಹರಿದೇಹೋಯ್ತು. ಉಳಿದಿದ್ದು ಆ ಫೈಲ್ ಒಂದೇ.

ಇಷ್ಟೊತ್ತಿಗೆ ಮೇಲೆ ಆಕಾಶದಲ್ಲೂ ಬದಲಾವಣೆ ನಡೀತಿತ್ತು. 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರುವಾಯ್ತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರದ್ದು. ಟಿಕೆಟ್ ಅಗ್ಗ, ಊಟ ಇಲ್ಲ, ಸ್ಕ್ರೀನ್ ಇಲ್ಲ, ಹೆಡ್‌ಫೋನ್ ಇಲ್ಲ. ಅಲ್ಲಿಂದೀಚೆ ನಮ್ಮಲ್ಲಿ ಬಹುಪಾಲು ಜನ ಹಾರೋದು ಇಂಥ ವಿಮಾನಗಳಲ್ಲೇ. ಬುತ್ತಿ ನಿಮ್ಮದೇ, ಹಾಡೂ ನಿಮ್ಮದೇ.

ಫೋನ್ ಮಾತ್ರ ಆಫ್ ಮಾಡ್ಬೇಕಿತ್ತು. ಯಾಕೆ ಗೊತ್ತಾ? ವಿಮಾನ ಬೀಳುತ್ತೆ ಅನ್ನೋದೊಂದೇ ಭಯ ಅಲ್ಲ. 1991ರಲ್ಲಿ ಅಮೆರಿಕದಲ್ಲಿ ವಿಮಾನದೊಳಗೆ ಮೊಬೈಲ್ ನಿಷೇಧಿಸಿದ್ದು ಅಲ್ಲಿನ ದೂರಸಂಪರ್ಕ ಆಯೋಗ. ಅಷ್ಟು ಎತ್ತರದಿಂದ ಒಂದು ಫೋನಿಗೆ ನೆಲದ ಮೇಲಿನ ಎಷ್ಟೋ ಟವರ್ ಒಟ್ಟಿಗೇ ಕಾಣುತ್ತೆ, ನೆಟ್‌ವರ್ಕ್ ಗೊಂದಲ ಆಗುತ್ತೆ ಅನ್ನೋದು ಅದರ ಚಿಂತೆ. ಆಮೇಲೆ ಬಂದ ಉಪಾಯ ಏರೋಪ್ಲೇನ್ ಮೋಡ್. ಫೋನಿನ ಬಾಯಿ ಮುಚ್ಚಿಸಿ ಕಿವಿಗೆ ಮಾತ್ರ ಕೆಲಸ ಕೊಡೋದು. ಅದಾದ್ರೂ ನಮ್ಮಲ್ಲಿ ಏರುವಾಗ ಇಳಿಯುವಾಗ ಎಲ್ಲ ಆಫ್ ಇರಬೇಕಿತ್ತು. 2014ರ ಏಪ್ರಿಲ್‌ನಲ್ಲಿ ಡಿಜಿಸಿಎ, ಏರೋಪ್ಲೇನ್ ಮೋಡ್‌ನಲ್ಲಿದ್ರೆ ಪೂರ್ತಿ ಪ್ರಯಾಣದಲ್ಲಿ ಬಳಸಬಹುದು ಅಂತ ನಿಯಮ ಬದಲಿಸ್ತು. ಅಂದ್ರೆ ನೀವು ಟೇಕಾಫ್ ಆಗುವಾಗ ಕಿಟಕಿ ಪಕ್ಕ ಕೂತು ನಿಮಗೆ ಬೇಕಾದ ಹಾಡು ಹಾಕ್ಕೊಂಡು ಸಿನಿಮಾ ಹೀರೋ ಥರ ನೋಡ್ತೀರಲ್ಲ, ಆ ಸುಖಕ್ಕೆ ಹೆಚ್ಚು ವಯಸ್ಸಾಗಿಲ್ಲ.

2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ವಾಯೇಜರ್ ಹಾರಿದ ದಿನಾಂಕವೇ, ಕಾಕತಾಳೀಯ. ಡೇಟಾ ಅಗ್ಗ ಆಯ್ತು, ಮೆಮೊರಿ ಕಾರ್ಡ್ ಅಂಗಡಿಗಳು ಟೆಂಪರ್ಡ್ ಗ್ಲಾಸ್ ಅಂಗಡಿಗಳಾದ್ವು. ಹಾಡು ಇಟ್ಕೊಳ್ಳೋ ಅಭ್ಯಾಸ ಹೋಗಿ, ಬೇಕಾದಾಗ ಹರಿಸ್ಕೊಳ್ಳೋ ಅಭ್ಯಾಸ ಬಂತು. ಆ್ಯಪ್‌ನಲ್ಲಿ ಡೌನ್‌ಲೋಡ್ ಅಂತ ಒತ್ತಿದ್ರೂ ನಿಮ್ಮ ಫೋನಿಗೆ ಬರೋದು ಬೀಗ ಹಾಕಿದ ಪೆಟ್ಟಿಗೆ. ಬೀಗದ ಕೈ ಕಂಪನಿ ಹತ್ರ. ಹಲವು ಆ್ಯಪ್‌ಗಳಲ್ಲಿ ಕನಿಷ್ಠ 30 ದಿನಕ್ಕೊಮ್ಮೆ ಆನ್‌ಲೈನ್ ಬಂದು ‘ನಾನು ಇನ್ನೂ ದುಡ್ಡು ಕಟ್ತಿದ್ದೀನಿ’ ಅಂತ ಮುಖ ತೋರಿಸ್ಬೇಕು. ನಾನು ಡೌನ್‌ಲೋಡ್ ಮಾಡಿದ ಮೇಲೆ ಆ ಆ್ಯಪನ್ನ ತೆರೆದೇ ಇರ್ಲಿಲ್ಲ, ನಡುವೆ ಪ್ಲಾನ್ ಕೂಡ ಮುಗಿದಿತ್ತು. ಅದಕ್ಕೇ ಬೂದು ಬಣ್ಣ. ಇದು ಅನ್ಯಾಯ ಅಂತ ನಾನು ಹೇಳ್ತಿಲ್ಲ. ತಿಂಗಳ ಬಾಡಿಗೆ ಕೊಟ್ಟು ಇಡೀ ಜಗತ್ತಿನ ಹಾಡು ಕೇಳೋದು ಇಪ್ಪತ್ತು ರೂಪಾಯಿಗೆ ಕದ್ದ ಹಾಡು ತುಂಬಿಸ್ಕೊಳ್ಳೋದಕ್ಕಿಂತ ಮರ್ಯಾದಸ್ಥ ಕೆಲಸ. ಆದ್ರೆ ಬಾಡಿಗೆ ಮನೆಯನ್ನ ಸ್ವಂತ ಮನೆ ಅಂದ್ಕೊಂಡಿದ್ದೆ.

ವಿಮಾನದಲ್ಲೇ ವೈಫೈ ಬರ್ತಿದೆಯಲ್ಲ ಅಂತೀರಾ? ನಿಜ. 2025ರ ಜನವರಿಯಲ್ಲಿ ಏರ್ ಇಂಡಿಯಾ ದೇಶದೊಳಗಿನ ಕೆಲವು ವಿಮಾನಗಳಲ್ಲೂ ಶುರು ಮಾಡ್ತು. ಮುಂದೊಂದು ದಿನ ಏರೋಪ್ಲೇನ್ ಮೋಡ್ ಅನ್ನೋ ಪದಕ್ಕೆ ಅರ್ಥವೇ ಇರಲ್ಲವೇನೋ. ಆದ್ರೆ ಟವರ್ ಇಲ್ಲದ ಜಾಗ ಆಕಾಶವೊಂದೇ ಅಲ್ಲ. ಶಿವರಾತ್ರಿ ಹೊತ್ತಿಗೆ ನಮ್ಮ ಕನಕಪುರ, ರಾಮನಗರದ ಕಡೆಯಿಂದ ಜನ ಸಂಗಮದ ಹತ್ರ ಕಾವೇರಿ ದಾಟಿ ಕಾಡಿನಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೀತಾರೆ. ಒಂದು ಸಲ ನಾನೂ ಹೋಗಿದ್ದೆ. ನದಿ ದಾಟಿದ ಮೇಲೆ ಸಿಗ್ನಲ್ ಕಡ್ಡಿ ಒಂದೊಂದೇ ಬಿದ್ದುಹೋಯ್ತು. ಹುಡುಗರ ಬ್ಲೂಟೂತ್ ಸ್ಪೀಕರ್‌ನಲ್ಲಿ ಆ್ಯಪ್ ಹಾಡುಗಳು ಸುಮ್ಮನಾದ್ವು. ಒಬ್ಬ ಹಿರಿಯರ ಕೀಪ್ಯಾಡ್ ಫೋನಿನ ಮೆಮೊರಿ ಕಾರ್ಡ್ ರಾತ್ರಿಯಿಡೀ ಹಾಡ್ತು. ಅದರ ಬ್ಯಾಟರಿ ಮುಗಿದ ಮೇಲೆ ಅವರೇ ಹಾಡಿದ್ರು.

ಸರಿ, ವಿಮಾನಕ್ಕೆ ವಾಪಸ್. ಅರಬ್ಬೀ ಸಮುದ್ರದ ಮೇಲೆ, ಕಿಟಕಿಯಾಚೆ ಕತ್ತಲು. ಆ ಒಂದೇ ಫೈಲನ್ನ ಎಷ್ಟು ಸಲ ಕೇಳಿದೆನೋ. ಇಷ್ಟು ವರ್ಷದಲ್ಲಿ ಅದನ್ನ ಪೂರ್ತಿ ಕೇಳಿದ್ದು ಬಹುಶಃ ಎರಡೋ ಮೂರೋ ಸಲ. ಇರುತ್ತಲ್ಲ ಬಿಡು ಅನ್ನೋ ಧೈರ್ಯ. ಆರನೇ ಸಲವೋ ಏನೋ ಕೇಳುವಾಗ ಗೊತ್ತಾಯ್ತು, ಅಜ್ಜಿ ಹಾಡ್ತಿರೋದು ಒಂದು ಕಥೆ. ತವರಿಗೆ ಹೊರಟ ಹೆಣ್ಣುಮಗಳು. ಹೊಳೆ ಅಡ್ಡ ಬರುತ್ತೆ. ಅಂಬಿಗನನ್ನ ಕರೀತಾಳೆ. ಅಲ್ಲಿಗೆ ಕಟ್. ಅವಳು ಹೊಳೆ ದಾಟಿದಳಾ ಇಲ್ವಾ?

ಆನ್‌ಲೈನ್ ಇದ್ದಿದ್ರೆ ಆ ಪ್ರಶ್ನೆ ನನಗೆ ಬರ್ತಾನೇ ಇರ್ಲಿಲ್ಲ. ಮೂವತ್ತು ಸೆಕೆಂಡಿಗೆ ಮುಂದಿನ ಹಾಡಿಗೆ ಹೋಗಿರ್ತಿದ್ದೆ.

ದುಬೈನಲ್ಲಿ ಇಳಿದು, ಏರ್‌ಪೋರ್ಟ್ ವೈಫೈ ಹಿಡಿದು, ಮೊದಲು ಮಾಡಿದ್ದು ಅಮ್ಮನಿಗೆ ಕಾಲ್. ‘ತಲುಪಿದೆಯಾ, ಊಟ ಆಯ್ತಾ’ ಎಲ್ಲ ಆದ ಮೇಲೆ ಕೇಳಿದೆ: ‘ಅಮ್ಮಾ, ಅಜ್ಜಿ ಪದದಲ್ಲಿ ಆ ಹುಡುಗಿ ಹೊಳೆ ದಾಟ್ತಾಳಾ?’ ಅಮ್ಮ ಒಂದು ನಿಮಿಷ ಸುಮ್ಮನಿದ್ರು. ಆಮೇಲೆ ಫೋನಲ್ಲೇ, ಸಣ್ಣ ದನಿಯಲ್ಲಿ, ಮೂರು ನುಡಿ ಹಾಡಿದ್ರು. ಅಮ್ಮನಿಗೆ ಪದ ಬರುತ್ತೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ. ಎಂದೂ ಕೇಳಿರ್ಲಿಲ್ಲ ನಾನು. ನಾಲ್ಕನೇ ನುಡಿಗೆ ನಿಂತುಬಿಟ್ರು. ‘ಮುಂದಕ್ಕೆ ಬರ್ತಿಲ್ಲ ಕಣೋ. ಕಲ್ಲಿದ್ದಿದ್ರೆ ಬರ್ತಿತ್ತೇನೋ.’ ಆ ಕಾಲ್ ನಾನು ರೆಕಾರ್ಡ್ ಮಾಡಿರ್ಲಿಲ್ಲ.

ಊರಿಗೆ ಬಂದ ಮೇಲಿನ ಮೊದಲ ಭಾನುವಾರ ಕನಕಪುರದ ಕಡೆ ಹೋದ್ವಿ. ಅಜ್ಜಿಯ ರಾಗಿ ಕಲ್ಲು ಮಾವನ ಮನೆ ಹಿತ್ತಲಲ್ಲಿತ್ತು, ಮೇಲಿನ ಕಲ್ಲನ್ನ ತುಳಸಿ ಕುಂಡದ ಕೆಳಗೆ ಇಟ್ಟಿದ್ರು. ತೊಳೆದು ಜೋಡಿಸೋಕೆ ಒಂದು ಗಂಟೆ ಬೇಕಾಯ್ತು. ಹಿಡಿ ಗೂಟ ಇರ್ಲಿಲ್ಲ, ಮಾವ ಒಂದು ಕೊಂಬೆ ಕೆತ್ತಿ ಹೊಡೆದ್ರು. ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿ, ಯಾರ ಕಾಲೂ ಬರದಂಗೆ, ರೆಕಾರ್ಡ್ ಒತ್ತಿ ಅಮ್ಮನ ಪಕ್ಕ ಇಟ್ಟೆ. ಹನ್ನೊಂದು ನಿಮಿಷ ಬಂತು. ನಡುವೆ ಕುಕ್ಕರ್ ಕೂಗುತ್ತೆ, ಮಾವನ ಮೊಮ್ಮಗ ಬಂದು ‘ಏನ್ ಮಾಡ್ತಿದ್ದೀರಾ’ ಅಂತಾನೆ. ಹುಡುಗಿ ಹೊಳೆ ದಾಟ್ತಾಳೆ. ದಾಟಿದ ಮೇಲೆ ತವರಲ್ಲಿ ಏನಾಯ್ತು ಅನ್ನೋದು ಅಮ್ಮನಿಗೂ ಗೊತ್ತಿಲ್ಲ. ಮಾಗಡಿಯಲ್ಲಿರೋ ದೊಡ್ಡಮ್ಮನಿಗೆ ಗೊತ್ತಿರಬಹುದು ಅಂತಾರೆ. ಅವರಿಗೆ ಎಂಬತ್ತೊಂದು ವರ್ಷ, ಕಿವಿ ಸ್ವಲ್ಪ ಮಂದ. ಈ ಸಂಚಿಕೆ ನಿಮಗೆ ಸಿಗೋ ವಾರ ಅಲ್ಲಿಗೆ ಹೋಗ್ತಿದ್ದೀನಿ.